ಮುಂದೆ ಸವೆದ ಚಪ್ಪಲಿ: ಮಿದುಳಿನ ಬಿಳಿ ಭಾಗದ ಒಂದು ಪ್ರಕರಣ

2022ರ ಆಗಸ್ಟ್ ತಿಂಗಳ ಒಂದು ಸಂಜೆ, ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿರುವ ನನ್ನ ಕ್ಲಿನಿಕ್ಕಿಗೆ ಒಬ್ಬ ಅಪ್ಪ, ಮಗ ಬಂದರು. ಹೊರಗೆ ಜೋರು ಮಳೆ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬರಬೇಕಿತ್ತು. ಹೊಸ್ತಿಲ ಹತ್ತಿರ ನಿಂತುಬಿಟ್ಟರು. ಬಲಗಾಲು ಎತ್ತಲು ನೋಡಿದರು, ಏಳಲಿಲ್ಲ. ಪಾದ ಎರಡು ಮೂರು ಸಲ ಅಲ್ಲಲ್ಲೇ ಕದಲಿತು. ಆಮೇಲೆ ಒಮ್ಮೆಲೇ ಒಳಗೆ ಬಂದರು. "ಬೇಗ ಬಾ ಅಪ್ಪಾ, ಜನ ಕಾಯ್ತಿದ್ದಾರೆ" ಎಂದು ಹಿಂದಿನಿಂದ ಮಗ ಅಂದ.

ಅವರು ಬಿಟ್ಟ ಚಪ್ಪಲಿಯನ್ನು ಆಮೇಲೆ ನಾನು ತಿರುಗಿಸಿ ನೋಡಿದೆ. ಹಿಮ್ಮಡಿಯ ಕಡೆ ರಬ್ಬರ್ ಇನ್ನೂ ದಪ್ಪಗಿತ್ತು. ಬೆರಳುಗಳ ಕೆಳಗೆ ಮಾತ್ರ ಸವೆದು ಸವೆದು ಹಪ್ಪಳದಷ್ಟು ತೆಳ್ಳಗಾಗಿತ್ತು. ಕಾಲೆತ್ತಿ ನಡೆಯುವವರ ಚಪ್ಪಲಿ ಸಾಮಾನ್ಯವಾಗಿ ಹಿಮ್ಮಡಿಯಲ್ಲಿ ಸವೆಯುತ್ತದೆ. ಕಾಲು ಎಳೆದು ನಡೆಯುವವರದು ಹೀಗೆ ಆಗುತ್ತದೆ.

ಈ ಪ್ರಕರಣವನ್ನು ಪೂರ್ತಿ ಬರೆಯಲು ಒಂದು ಕಾರಣ ಇದೆ. ಇಂಥವರು ನಮ್ಮ ಪ್ರತಿ ಕಟ್ಟಡದಲ್ಲೂ ಒಬ್ಬರು ಇದ್ದಾರೆ. "ವಯಸ್ಸಾಯ್ತಲ್ವಾ" ಎಂದು ಅವರನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿಬಿಡುತ್ತೇವೆ. ಗುರುತು ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.

ಅವರಿಗೆ ಆಗ 71 ವರ್ಷ. ಊರು ಕುಂದಾಪುರದ ಕಡೆ. ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಆಮೇಲೆ ಮಾಟುಂಗಾದ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ಗಲ್ಲಾದಲ್ಲಿ ಕೂತರು. ಗಲ್ಲಾ ಬಿಟ್ಟು ಎಂಟು ವರ್ಷ ಆಗಿತ್ತು. ಹನ್ನೆರಡು ವರ್ಷದಿಂದ ಶುಗರ್, ಅದಕ್ಕೆ ಮೆಟ್‌ಫಾರ್ಮಿನ್. ಅರವತ್ತರವರೆಗೆ ಬೀಡಿ, ಆಮೇಲೆ ಬಿಟ್ಟಿದ್ದರು. ಪಕ್ಕಾ ಸಸ್ಯಾಹಾರ. ಊಟಕ್ಕೆ ಉಪ್ಪಿನಕಾಯಿ, ಹಪ್ಪಳ ಬೇಕೇ ಬೇಕು.

ಮಗ ಹೇಳಿದ್ದು ಇಷ್ಟು. ಎರಡು ವರ್ಷದಿಂದ ಅಪ್ಪ ನಿಧಾನ ಆಗಿದ್ದಾರೆ. ಕೇಳಿದ್ದಕ್ಕೆ ಉತ್ತರ ಬರಲು ಹೊತ್ತು ಬೇಕು. ಮೊದಲು ಬೆಳಗ್ಗೆ ಎದ್ದು ತಾವೇ ಕಾಫಿ ಮಾಡುತ್ತಿದ್ದರು. ಈಗ ಡಿಕಾಕ್ಷನ್ ಹಾಕಿಟ್ಟು ಹಾಲು ಕಾಯಿಸುವುದನ್ನು ಬಿಟ್ಟು ಸುಮ್ನೆ ಕೂತಿರುತ್ತಾರೆ. ಯಕ್ಷಗಾನ ಅಂದರೆ ಪ್ರಾಣ, ಆದರೆ ಮಾಟುಂಗಾದ ಆಟಕ್ಕೆ ಕರೆದರೂ ಬರುವುದಿಲ್ಲ. ಮೂತ್ರಕ್ಕೆ ಅವಸರ, ಎರಡು ಸಲ ದಾರಿಯಲ್ಲೇ ಆಗಿಹೋಗಿದೆ. ಮೂರು ಸಲ ಬಿದ್ದಿದ್ದಾರೆ. "ಮೊನ್ನೆ ಸ್ಟೇಷನ್ನಿನಲ್ಲಿ ಲೋಕಲ್ ಹತ್ತೋಕೆ ಹೋದರೆ ಬಾಗಿಲ ಎದುರೇ ನಿಂತುಬಿಟ್ಟರು ಡಾಕ್ಟ್ರೇ. ಹಿಂದಿನವರು ಬೈದರು, ನಾನೂ ಬೈದೆ" ಎಂದ. ಹೇಳುವಾಗ ಅವನ ತಲೆ ತಗ್ಗಿತ್ತು.

ಅಪ್ಪನನ್ನು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಕಾಲ್ ನೆಲಕ್ಕೆ ಅಂಟಿದ ಹಾಂಗೆ ಆತ್ತ್."

ಒಂದೊಂದು ತೊಂದರೆಗೂ ಆಗಲೇ ಒಂದೊಂದು ಹೆಸರು ಸಿಕ್ಕಿತ್ತು. ನಡಿಗೆಗೆ ಮೊಣಕಾಲು ಸವೆತ, ಮೂತ್ರಕ್ಕೆ ಪ್ರಾಸ್ಟೇಟ್, ಮೌನಕ್ಕೆ ಹೆಂಡತಿ ತೀರಿಕೊಂಡ ದುಃಖ, ನಿಧಾನಕ್ಕೆ ವಯಸ್ಸು. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ಮಾತ್ರೆಯೂ ನಡೆಯುತ್ತಿತ್ತು. ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ನಡಿಗೆ, ಮೂತ್ರ, ಮನಸ್ಸಿನ ವೇಗ, ಉತ್ಸಾಹ, ಈ ನಾಲ್ಕೂ ಒಟ್ಟಿಗೆ ಕುಂದಿದರೆ ನಾಲ್ಕಕ್ಕೂ ಒಂದೇ ಬೇರು ಇರಬಹುದಾ ಎಂದು ಕೇಳಿಕೊಳ್ಳಬೇಕು.

ಬಿಪಿ ನೋಡಿದೆ. 168/74. ಐದು ನಿಮಿಷ ಕೂರಿಸಿ ಮತ್ತೆ ನೋಡಿದೆ. 166/72.

"ಮಾತ್ರೆ ತಗೊಳ್ತೀರಾ?" ಎಂದೆ. ಆರು ವರ್ಷದ ಹಿಂದೆ ಒಬ್ಬರು ಕೊಟ್ಟಿದ್ದರಂತೆ. ಆಮೇಲೆ ಯಾರೋ, "ನೂರಕ್ಕೆ ವಯಸ್ಸು ಕೂಡಿಸಿದರೆ ಎಷ್ಟೋ ಅಷ್ಟು ಬಿಪಿ ಸರಿ. ಎಪ್ಪತ್ತಕ್ಕೆ ನೂರಎಪ್ಪತ್ತು ಇದ್ದರೆ ತೊಂದರೆ ಇಲ್ಲ" ಎಂದರಂತೆ. ಮಾತ್ರೆ ನಿಂತಿತು. ಈ ಲೆಕ್ಕವನ್ನು ನಾನು ಡೊಂಬಿವಲಿಯಲ್ಲಿ ಎಷ್ಟು ಬಾಯಲ್ಲಿ ಕೇಳಿದ್ದೇನೋ ಗೊತ್ತಿಲ್ಲ. ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ವಯಸ್ಸಾದಂತೆ ಬಿಪಿ ಏರುವುದು ಸಾಮಾನ್ಯ, ಅದು ನಿಜ. ಸಾಮಾನ್ಯ ಅಂದಮಾತ್ರಕ್ಕೆ ಅದು ಸರಿ ಅಂತ ಅಲ್ಲ.

ಗಲ್ಲಾದ ಲೆಕ್ಕ

ಸ್ಮರಣಶಕ್ತಿಯ ಪರೀಕ್ಷೆ ಅವರಿಗೆ ಒಮ್ಮೆ ಬೇರೆ ಕಡೆ ಆಗಿತ್ತು, ಹಿಂದಿಯಲ್ಲಿ. ಅಂಕ ತೀರಾ ಕಡಿಮೆ ಬಂದು "ಡಿಮೆನ್ಷಿಯಾ" ಎಂದು ಬರೆದಿದ್ದರು. ಅವರ ಹಿಂದಿ ಗಿರಾಕಿಗಳ ಜೊತೆ ಆಡುವ ಹಿಂದಿ. ಯೋಚನೆ ನಡೆಯುವುದು ಕನ್ನಡದಲ್ಲಿ. ಕಲಿತ ಭಾಷೆಯಲ್ಲೇ ಪರೀಕ್ಷೆ ಮಾಡಬೇಕು, ಇದು ಸಣ್ಣ ವಿಷಯ ಅಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನೇತೃತ್ವದಲ್ಲಿ ಮಾಡಿದ ಪರೀಕ್ಷೆಗಳ ಕಟ್ಟು ಕನ್ನಡದಲ್ಲೂ ಇದೆ. ಮುಂದೆ ನರರೋಗ ತಜ್ಞರು ಕನ್ನಡದಲ್ಲೇ ಪರೀಕ್ಷೆ ಮಾಡಿಸಿದರು. ಅವತ್ತು ನಾನು ಮಾಡಿದ್ದು ಇಷ್ಟು.

ನೂರರಿಂದ ಏಳೇಳು ಕಳೆಯಿರಿ ಎನ್ನುವ ಬದಲು ಬಿಲ್ ಕೇಳಿದೆ. "ಎರಡು ಪ್ಲೇಟ್ ಇಡ್ಲಿ, ಪ್ಲೇಟಿಗೆ 40. ಒಂದು ಮಸಾಲೆ ದೋಸೆ, 70. ಮೂರು ಕಾಫಿ, 25ರಂತೆ. ಗಿರಾಕಿ 500ರ ನೋಟು ಕೊಟ್ಟ. ವಾಪಸ್ ಎಷ್ಟು?" ಅವರ ಬಲಗೈ ಮೇಜಿನ ಅಂಚಿನಲ್ಲಿ ಆಡತೊಡಗಿತು, ಗಲ್ಲಾಪೆಟ್ಟಿಗೆಯ ಖಾನೆಯಿಂದ ನೋಟು ಎತ್ತುವ ಹಾಗೆ. ಗಡಿಯಾರ ನೋಡುತ್ತಿದ್ದೆ. ಐವತ್ತೆರಡು ಸೆಕೆಂಡ್ ಆಯಿತು. "ಇನ್ನೂರ ಎಪ್ಪತ್ತೈದು" ಎಂದರು. ಸರಿ ಉತ್ತರ. ಈ ಮನುಷ್ಯ ಒಂದು ಕಾಲದಲ್ಲಿ ವೇಟರ್ ಕೂಗಿ ಮುಗಿಸುವುದರೊಳಗೆ ಚಿಲ್ಲರೆ ಎಣಿಸಿ ಇಡುತ್ತಿದ್ದರಂತೆ.

ಮುಂದೆ, ಕಾಗದದ ಮೇಲೆ ಅಂಕಿಗಳನ್ನೂ ಅಕ್ಷರಗಳನ್ನೂ ಚೆಲ್ಲಿ ಬರೆದು, 1ರಿಂದ ಅ, ಅಲ್ಲಿಂದ 2, ಅಲ್ಲಿಂದ ಆ, ಹೀಗೆ ಗೆರೆ ಎಳೆಯಿರಿ ಎಂದೆ. 3ರವರೆಗೆ ಬಂದರು. ಆಮೇಲೆ ಅಕ್ಷರ ಮರೆತು 4, 5, 6 ಎಂದು ಹೊರಟುಬಿಟ್ಟರು. ತಿದ್ದಿದರೂ ಮತ್ತೆ ಅದೇ. ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಲು ಆಗುತ್ತಿರಲಿಲ್ಲ.

ಐದು ಪದ ಹೇಳಿ, ಸ್ವಲ್ಪ ಹೊತ್ತಿನ ನಂತರ ಕೇಳಿದಾಗ ಎರಡೇ ನೆನಪಾದವು. "ಒಂದು ಹೂವಿನ ಹೆಸರಿತ್ತಲ್ವಾ?" ಎಂದು ಸುಳಿವು ಕೊಟ್ಟೆ, ತಕ್ಷಣ ಬಂತು. ಸುಳಿವು ಕೊಟ್ಟಾಗ ಐದೂ ಬಂದವು. ಇದು ಮುಖ್ಯವಾದ ವಿಷಯ. ಆಲ್ಝೈಮರ್ ಕಾಯಿಲೆಯಲ್ಲಿ ಪದ ಒಳಗೆ ಉಳಿಯುವುದೇ ಕಷ್ಟ, ಹಾಗಾಗಿ ಸುಳಿವು ಕೊಟ್ಟರೂ ಹೆಚ್ಚು ಉಪಯೋಗ ಆಗುವುದಿಲ್ಲ. ಇವರಲ್ಲಿ ಸಾಮಾನು ಕಪಾಟಿನಲ್ಲೇ ಇತ್ತು, ತೆಗೆದು ತರುವುದು ತಡ ಆಗುತ್ತಿತ್ತು.

ನಡಿಗೆಯನ್ನೂ ಅಳೆದೆ. ನಾಲ್ಕು ಮೀಟರ್ ನಡೆಯಲು 7.6 ಸೆಕೆಂಡ್. ಹೆಜ್ಜೆ ಗಿಡ್ಡ, ಕಾಲು ಅಗಲಿಸಿ ಇಡುತ್ತಿದ್ದರು. ಆದರೆ ಕೈ ಚೆನ್ನಾಗಿಯೇ ಬೀಸುತ್ತಿದ್ದವು, ನಡುಕ ಇರಲಿಲ್ಲ. ಪಾರ್ಕಿನ್ಸನ್ಸ್ ಆಗಿದ್ದರೆ ಕೈ ಬೀಸುವುದು ಮೊದಲೇ ಕುಗ್ಗುತ್ತಿತ್ತು.

ಸ್ಕ್ಯಾನಿನಲ್ಲಿ ಕಂಡದ್ದು

ಎಂಆರ್‌ಐ ಮಾಡಿಸಿದೆವು. ಅದರಲ್ಲಿ ಫ್ಲೇರ್ ಎಂಬ ಚಿತ್ರ ತೆಗೆಯುತ್ತಾರೆ. ಅದರಲ್ಲಿ ಮಿದುಳಿನೊಳಗಿನ ನೀರು ಕಪ್ಪಗೆ, ಹಾನಿಯಾದ ಬಿಳಿ ಭಾಗ (ಸುದ್ದಿ ಒಯ್ಯುವ ತಂತಿಗಳಿರುವ ಒಳಭಾಗ) ಬೆಳ್ಳಗೆ ಹೊಳೆಯುತ್ತದೆ. ಇವರ ಮಿದುಳಿನ ನೀರಿನ ಕೋಣೆಗಳ ಸುತ್ತ ದಪ್ಪ ಬಿಳಿ ಅಂಚು. ಅಲ್ಲಿಂದಾಚೆ ಚುಕ್ಕೆಗಳು ಬೆಳೆದು ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು. ಆಳದಲ್ಲಿ ಎರಡು ಸಣ್ಣ ಹಳೆಯ ಗುಂಡಿಗಳು. ಇವಕ್ಕೆ ಲಾಕ್ಯೂನ್ ಎನ್ನುತ್ತಾರೆ, 3ರಿಂದ 15 ಮಿಲಿಮೀಟರ್ ಗಾತ್ರ ಇರುತ್ತವೆ. ಯಾವತ್ತೋ ಆದ ಪುಟ್ಟ ಸ್ಟ್ರೋಕುಗಳ ಗುರುತು ಅವು. ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ಜೊತೆಗೆ ಒಳಭಾಗದಲ್ಲಿ ಮೂರು ಸೂಕ್ಷ್ಮ ರಕ್ತದ ಕಲೆ. ನೀರಿನ ಕೋಣೆಗಳು ಅತಿಯಾಗಿ ಉಬ್ಬಿರಲಿಲ್ಲ. ಉಬ್ಬಿದ್ದರೆ ನೀರು ತುಂಬುವ ಇನ್ನೊಂದು ಕಾಯಿಲೆಯ ಅನುಮಾನ ಬರುತ್ತಿತ್ತು. ಅದರಲ್ಲೂ ನಡಿಗೆ, ಮೂತ್ರ, ಮನಸ್ಸು ಮೂರೂ ಹೀಗೇ ಕೆಡುತ್ತವೆ.

ಬಿಳಿ ಚುಕ್ಕೆ ಎಷ್ಟಿದೆ ಎಂದು ಹೇಳಲು ಆಸ್ಟ್ರಿಯಾದ ಫ್ರಾಂಝ್ ಫಾಝೆಕಸ್ ಮತ್ತು ಅವರ ಜೊತೆಗಾರರು 1987ರಲ್ಲಿ ಕೊಟ್ಟ ಅಳತೆಯನ್ನು ಈಗಲೂ ಬಳಸುತ್ತೇವೆ, 0ಯಿಂದ 3ರವರೆಗೆ. ಇವರದು ಕೋಣೆಗಳ ಸುತ್ತ 3, ಆಳದಲ್ಲಿ 2. ಅದೇ 1987ರಲ್ಲಿ ಕೆನಡಾದ ವ್ಲಾದಿಮಿರ್ ಹಚಿನ್ಸ್ಕಿ ತಂಡ ಈ ಸ್ಥಿತಿಗೆ "ಲ್ಯೂಕೋಅರಿಯೋಸಿಸ್" ಎಂದು ಹೆಸರಿಟ್ಟಿತು. ಬಿಳಿ ಭಾಗ ವಿರಳ ಆಗುವುದು ಎಂದು ಅರ್ಥ. ಹಳೆಯ ಪಂಚೆ ನೂಲು ನೂಲಾಗಿ ಜಾಳಾಗುತ್ತದಲ್ಲ, ಹಾಗೆ.

ರಿಪೋರ್ಟ್ ಹಿಡಿದು ಬಂದ ಮಗ ಗಾಬರಿಯಾಗಿದ್ದ. ಅವನಿಗೆ ಕಾಗದದ ಮೇಲೆ ಚಿತ್ರ ಬರೆದು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಮಿದುಳಿನ ಹೊರ ಪದರದಲ್ಲಿ ಯೋಚನೆ ಮಾಡುವ ಜೀವಕೋಶಗಳಿವೆ. ಅದು ಬೂದು ಬಣ್ಣ. ಒಳಗೆ ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ತಂತಿಗಳಿವೆ. ತಂತಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ, ಅದಕ್ಕೇ ಬಿಳಿ. ಹೊದಿಕೆ ಗಟ್ಟಿಯಿದ್ದರೆ ಸುದ್ದಿ ಸೆಕೆಂಡಿಗೆ ಹತ್ತಾರು ಮೀಟರ್ ಓಡುತ್ತದೆ. ಹೊದಿಕೆಯೇ ಇಲ್ಲದ ತೆಳು ತಂತಿಯಲ್ಲಿ ಒಂದೆರಡು ಮೀಟರ್ ಅಷ್ಟೇ. ಡೆನ್ಮಾರ್ಕಿನ ಸಂಶೋಧಕರು 2003ರಲ್ಲಿ ಈ ತಂತಿಗಳ ಉದ್ದ ಲೆಕ್ಕ ಹಾಕಿದ್ದರು. 20 ವರ್ಷದ ಗಂಡಸಿನ ಮಿದುಳಿನಲ್ಲಿ ಸುಮಾರು 1,76,000 ಕಿಲೋಮೀಟರ್, ಹೆಂಗಸಿನಲ್ಲಿ ಸುಮಾರು 1,49,000. ಹತ್ತು ವರ್ಷಕ್ಕೆ ಸುಮಾರು 10% ಕಡಿಮೆ ಆಗುತ್ತಾ ಹೋಗಿ, 80ರ ಹೊತ್ತಿಗೆ 45% ಹೋಗಿರುತ್ತದೆ. ಇದು ವಯಸ್ಸಿನ ಪಾಲು.

ಇನ್ನು ಬಿಪಿಯ ಪಾಲು. ಇಲ್ಲಿ ನಮ್ಮ ಮುಂಬಯಿಯ ಹಳೆ ಚಾಳಿನ ನೀರಿನ ಪೈಪ್ ನೆನೆಸಿಕೊಳ್ಳಿ. ಮುಖ್ಯ ಪೈಪಿನ ಹತ್ತಿರದ ಮನೆಗೆ ನೀರು ಧಾರಾಳ. ಕೊನೆಯ ಖೋಲಿಗೆ ಸಣ್ಣ ಪೈಪು, ಸಣ್ಣ ಧಾರೆ. ಒಂದು ದಿನ ಒತ್ತಡ ಕಡಿಮೆಯಾದರೆ ಮೊದಲು ಖಾಲಿಯಾಗುವುದು ಆ ಕೊನೆಯ ಮನೆಯ ಡ್ರಮ್ಮು. ಮಿದುಳಿನ ಬಿಳಿ ಭಾಗದ ಒಳ ಅಂಚು ಅಂಥ ಕೊನೆಯ ಖೋಲಿ. ಮೇಲ್ಮೈಯಿಂದ ಕೂದಲಿನಂಥ ರಕ್ತನಾಳಗಳು ಉದ್ದಕ್ಕೆ ಒಳಗಿಳಿದು ಅಲ್ಲಿ ಮುಗಿಯುತ್ತವೆ. ಪಕ್ಕದ ನಾಳದಿಂದ ಸಾಲ ತರಲು ದಾರಿ ತೀರಾ ಕಡಿಮೆ.

ಪೈಪಿಗೆ ಏನಾಗುತ್ತದೆ? ಎಳೆ ವಯಸ್ಸಿನಲ್ಲಿ ಹೃದಯದಿಂದ ಹೊರಡುವ ದೊಡ್ಡ ನಾಳ ರಬ್ಬರಿನ ಹಾಗೆ ಹಿಗ್ಗಿ ಪ್ರತಿ ಬಡಿತದ ಹೊಡೆತ ನುಂಗಿಕೊಳ್ಳುತ್ತದೆ. ವಯಸ್ಸಾದ ಮೇಲೆ ಅದು ಬಿಗಿ ಆಗುತ್ತದೆ. ಆಗ ಮೇಲಿನ ಬಿಪಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಇವರ 168/74 ನೋಡಿ, ನಡುವಿನ ಅಂತರವೇ 94. ಪಂಪ್ ಶುರುವಾದಾಗ ಹಳೆ ಪೈಪ್ ಗಡಗಡ ಅನ್ನುತ್ತದಲ್ಲ, ಆ ಹೊಡೆತ ದಿನಕ್ಕೆ ಲಕ್ಷ ಸಲ ಮಿದುಳಿನ ಸಣ್ಣ ನಾಳಗಳಿಗೆ ಬೀಳುತ್ತದೆ. ತಡೆದುಕೊಳ್ಳಲು ಅವುಗಳ ಗೋಡೆ ದಪ್ಪವಾಗುತ್ತದೆ, ಒಳದಾರಿ ಕಿರಿದಾಗುತ್ತದೆ. ಕೆಲವು ಸೋರುತ್ತವೆ. ಶುಗರ್, ಬೀಡಿ ಅದೇ ಗೋಡೆಯನ್ನು ಇನ್ನೊಂದು ಕಡೆಯಿಂದ ಕೆಡಿಸುತ್ತವೆ. ಮಯಲಿನ್ ಹೊದಿಕೆ ಸುತ್ತುವ ಕೋಶಗಳಿಗೆ ಆಮ್ಲಜನಕದ ಕೊರತೆ ತಾಳುವುದಿಲ್ಲ. ಹೊದಿಕೆ ಸವೆಯುತ್ತದೆ. ಕೊನೆಗೆ ತಂತಿಯೂ.

ಮಿದುಳಿನ ಮುಂಭಾಗದಿಂದ ಕಾಲಿಗೆ, ಮೂತ್ರಕೋಶದ ಹಿಡಿತಕ್ಕೆ, ಉತ್ಸಾಹಕ್ಕೆ ಹೋಗುವ ತಂತಿಗಳೆಲ್ಲ ಈ ಜಾಗ ದಾಟಿಯೇ ಹೋಗಬೇಕು. ನಾಲ್ಕು ತೊಂದರೆಗೂ ಒಂದೇ ಬೇರು ಅಂದದ್ದು ಇದಕ್ಕೆ.

"ಹಾಗಾದ್ರೆ ಚುಕ್ಕೆ ಇರೋರಿಗೆಲ್ಲ ಹೀಗಾಗುತ್ತಾ?" ಎಂದು ಮಗ ಕೇಳಿದ. ಇಲ್ಲ. ನೆದರ್ಲೆಂಡ್ಸಿನ ರೋಟರ್‌ಡ್ಯಾಮ್ ಅಧ್ಯಯನದಲ್ಲಿ 60ರಿಂದ 90 ವರ್ಷದ 1,077 ಜನರ ಸ್ಕ್ಯಾನ್ ನೋಡಿದ್ದರು. 2001ರಲ್ಲಿ ಬಂದ ಅದರ ವರದಿಯ ಪ್ರಕಾರ ಚುಕ್ಕೆಯೇ ಇಲ್ಲದವರು 5% ಮಾತ್ರ. ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದರೆ ತಲೆಗೂದಲು ನರೆತ ಹಾಗೆ. ರಿಪೋರ್ಟಿನಲ್ಲಿ ಆ ಸಾಲು ನೋಡಿ ನಿದ್ದೆಗೆಟ್ಟವರು ನನ್ನ ಹತ್ತಿರ ತುಂಬಾ ಜನ ಬರುತ್ತಾರೆ, ಅವರಿಗೆ ಬಿಪಿ ನೋಡಿ ಧೈರ್ಯ ಹೇಳಿ ಕಳಿಸುತ್ತೇನೆ. ಚುಕ್ಕೆಗಳು ಬೆಳೆದು ಕೂಡಿಕೊಂಡಾಗ ಮಾತು ಬೇರೆ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2010ರಲ್ಲಿ ಬಂದ ಒಂದು ವಿಶ್ಲೇಷಣೆಯಲ್ಲಿ ಇಂಥ ಬದಲಾವಣೆ ಇರುವವರಿಗೆ ಸ್ಟ್ರೋಕಿನ ಅಪಾಯ ಸುಮಾರು ಮೂರು ಪಟ್ಟು, ಡಿಮೆನ್ಷಿಯಾದ ಅಪಾಯ ಸುಮಾರು ಎರಡು ಪಟ್ಟು ಇತ್ತು.

ಚಿಕಿತ್ಸೆ, ಮತ್ತು ನನ್ನ ತಪ್ಪು

ರಕ್ತ ಪರೀಕ್ಷೆಯಲ್ಲಿ ಇನ್ನೊಂದು ಸಿಕ್ಕಿತು. ಬಿ12 ತುಂಬಾ ಕಡಿಮೆ, 148. ಸಸ್ಯಾಹಾರಿಗಳಲ್ಲಿ ಇದು ಮೊದಲೇ ಜಾಸ್ತಿ, ಅದರ ಮೇಲೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೂ ಇಳಿಯುತ್ತದೆ. ಮಯಲಿನ್ ಗಟ್ಟಿಯಾಗಿ ಉಳಿಯಲು ಬಿ12 ಬೇಕೇ ಬೇಕು. ಇಂಜೆಕ್ಷನ್ ಶುರು ಮಾಡಿದೆ. ಮೂರು ತಿಂಗಳ ಶುಗರ್ ಸರಾಸರಿ 8.1. ಕೆಟ್ಟ ಕೊಲೆಸ್ಟರಾಲ್ 142. ಎರಡೂ ಜಾಸ್ತಿ. ಥೈರಾಯ್ಡ್ ಸರಿ, ಹೃದಯದ ಲಯ ಸರಿ.

ನೆಂಟರೊಬ್ಬರು ಹೇಳಿದರೆಂದು ಅವರು ದಿನಾ ಆಸ್ಪಿರಿನ್ ನುಂಗುತ್ತಿದ್ದರು. ನರರೋಗ ತಜ್ಞರು ಅದನ್ನು ನಿಲ್ಲಿಸಿದರು. ಬರೀ ಬಿಳಿ ಚುಕ್ಕೆಗೆ ಆಸ್ಪಿರಿನ್ ಉಪಯೋಗ ಇಲ್ಲ. ಇವರಲ್ಲಿ ಸೂಕ್ಷ್ಮ ರಕ್ತದ ಕಲೆ ಬೇರೆ ಇತ್ತು, ಆಸ್ಪಿರಿನ್‌ನಿಂದ ರಕ್ತ ಸೋರುವ ಭಯ ಹೆಚ್ಚು. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿದವರು, ಸ್ಟ್ರೋಕ್ ಆದವರು ಇದನ್ನು ಓದಿ ಖಂಡಿತ ಆಸ್ಪಿರಿನ್ ನಿಲ್ಲಿಸಬಾರದು. ಅವರ ಲೆಕ್ಕ ಬೇರೆ.

ಬಿಪಿಗೆ ಆಮ್ಲೊಡಿಪಿನ್ ಕೊಟ್ಟೆ. ಒಂದು ತಿಂಗಳಿಗೆ 150ಕ್ಕೆ ಬಂತು. ಟೆಲ್ಮಿಸಾರ್ಟಾನ್ ಸೇರಿಸಿದೆ, ರಾತ್ರಿ ಮಲಗುವಾಗ ಎಂದೆ. ತಪ್ಪಾಗಿದ್ದು ಇಲ್ಲಿ. ಟ್ಯಾಮ್ಸುಲೋಸಿನ್ ಕೂಡ ರಾತ್ರಿಯೇ ಇತ್ತು, ಅದೂ ಎದ್ದು ನಿಂತಾಗ ಬಿಪಿ ಇಳಿಸುತ್ತದೆ. ಮಾತ್ರೆ ಸೇರಿಸುವ ಮೊದಲು ಅವರನ್ನು ಎದ್ದು ನಿಲ್ಲಿಸಿ ಬಿಪಿ ನೋಡಬೇಕಿತ್ತು, ನೋಡಲಿಲ್ಲ. ಮೂರನೇ ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೋಗುವಾಗ ಅವರು ಕುಸಿದುಬಿದ್ದರು. ಸೊಂಟಕ್ಕೆ ಪೆಟ್ಟಾಯಿತು. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ಬೆಳಗ್ಗೆ ಮನೆಗೆ ಹೋಗಿ ನೋಡಿದೆ. ಮಲಗಿದಾಗ 134, ಎದ್ದು ನಿಂತು ಮೂರು ನಿಮಿಷಕ್ಕೆ 106. ಇಪ್ಪತ್ತಕ್ಕಿಂತ ಹೆಚ್ಚು ಇಳಿದರೆ ಅಪಾಯ ಎಂದು ನಾವೇ ಓದಿದವರು. ಮನೆಯವರ ಎದುರು ತಪ್ಪು ಒಪ್ಪಿಕೊಂಡೆ. ಮೂತ್ರರೋಗ ತಜ್ಞರ ಜೊತೆ ಮಾತಾಡಿ ಟ್ಯಾಮ್ಸುಲೋಸಿನ್ ನಿಲ್ಲಿಸಿದೆವು, ಪ್ರಾಸ್ಟೇಟ್ ಅಷ್ಟೇನೂ ದೊಡ್ಡದಿರಲಿಲ್ಲ. ಬಿಪಿ ಮಾತ್ರೆ ಬೆಳಗ್ಗೆಗೆ ಬಂತು, ಅರ್ಧ ಪ್ರಮಾಣದಲ್ಲಿ. ನಿಧಾನವಾಗಿ ಇಳಿಸಿದೆವು, ನಾಲ್ಕು ತಿಂಗಳು ಹಿಡಿಯಿತು. ಅಂದಿನಿಂದ ವಯಸ್ಸಾದ ಯಾರಿಗೇ ಆಗಲಿ, ಎದ್ದು ನಿಲ್ಲಿಸಿ ಬಿಪಿ ನೋಡದೆ ನಾನು ಮಾತ್ರೆ ಹೆಚ್ಚಿಸಿಲ್ಲ.

ಎಷ್ಟಕ್ಕೆ ಇಳಿಸಬೇಕು? ಅಮೆರಿಕದ ಸ್ಪ್ರಿಂಟ್ ಅಧ್ಯಯನದಲ್ಲಿ 50 ದಾಟಿದ 9,361 ಜನರಿದ್ದರು. ಅರ್ಧ ಜನರಿಗೆ ಮೇಲಿನ ಬಿಪಿ 120ಕ್ಕಿಂತ ಕೆಳಗೆ, ಉಳಿದವರಿಗೆ 140ಕ್ಕಿಂತ ಕೆಳಗೆ ಎಂದು ಗುರಿ. ಅವರಲ್ಲಿ ಕೆಲವರ ಸ್ಕ್ಯಾನ್ ಎರಡು ಸಲ ತೆಗೆದಿದ್ದರು. 2019ರಲ್ಲಿ ಅದರ ಫಲಿತಾಂಶ ಬಂತು. ಸುಮಾರು ನಾಲ್ಕು ವರ್ಷದಲ್ಲಿ ಮೊದಲ ಗುಂಪಿನಲ್ಲಿ ಬಿಳಿ ಹಾನಿ 0.92 ಘನ ಸೆಂಟಿಮೀಟರ್ ಬೆಳೆದಿತ್ತು, ಎರಡನೆಯದರಲ್ಲಿ 1.45. ನಿಂತಿರಲಿಲ್ಲ, ಬೆಳೆಯುವ ವೇಗ ಕಡಿಮೆಯಾಗಿತ್ತು. ಆ ಅಧ್ಯಯನದಲ್ಲಿ ಶುಗರ್ ಇರುವವರನ್ನು ಸೇರಿಸಿರಲಿಲ್ಲ, ಹಾಗಾಗಿ ಅದನ್ನು ಇವರಿಗೆ ಹಾಗೇ ಅಂಟಿಸಲಾಗದು. ಬೀಳುವ ಭಯವೂ ಇತ್ತು. ನಮ್ಮ ಗುರಿ 130ಕ್ಕಿಂತ ಕೆಳಗೆ, ನಿಂತಾಗ 110ಕ್ಕಿಂತ ಕೆಳಗೆ ಹೋಗಬಾರದು.

ಮನೆಯಲ್ಲಿ ಉಪ್ಪಿನಕಾಯಿ ವಾರಕ್ಕೊಮ್ಮೆ ಆಯಿತು. ಅದಕ್ಕೆ ಅವರು ಮುನಿಸಿಕೊಂಡರು, ಸೊಸೆ ಜಗ್ಗಲಿಲ್ಲ. ಕಣ್ಣಿನ ಪೊರೆ ತೆಗೆಸಿದರು. ಫಿಸಿಯೋಥೆರಪಿಸ್ಟ್ ನೆಲದ ಮೇಲೆ ಅಡ್ಡಡ್ಡ ಟೇಪ್ ಅಂಟಿಸಿ ಅದನ್ನು ದಾಟಿ ಹೆಜ್ಜೆ ಇಡಲು ಕಲಿಸಿದರು. ಮನಸ್ಸಿಗೆ ತಟ್ಟಿದ್ದು ಒಂದು ವಿಷಯ. ತೊಡೆಗೆ ತಾಳ ಹಾಕುತ್ತಾ ನಡೆದರೆ ಅವರ ಕಾಲು ಸಲೀಸಾಗಿ ಏಳುತ್ತಿತ್ತು. ಹೊಸ್ತಿಲ ಬಳಿ ನಿಂತು ಎರಡು ಪೆಟ್ಟು ತಾಳ, ಮೂರನೆಯದಕ್ಕೆ ಕಾಲು ಒಳಗೆ. ಹೊರಗಿನ ಲಯ ಸಿಕ್ಕಿದಾಗ ಮಿದುಳು ಕೆಟ್ಟ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ಅವರಿಗೆ ಆ ದಾರಿ ಚಿಕ್ಕಂದಿನಲ್ಲಿ ನೋಡಿದ ಆಟದ ಚೆಂಡೆಯಿಂದಲೇ ಬಂದದ್ದು ಎಂದು ನಾನು ನಂಬಿದ್ದೇನೆ.

ಮಗನಿಗೆ ನಾನು ಕೇಳಿಕೊಂಡದ್ದು ಒಂದೇ. ಪ್ರಶ್ನೆ ಕೇಳಿದ ಮೇಲೆ ಕಾಯಬೇಕು, ನಡುವೆ ಇನ್ನೊಂದು ಕೇಳಬಾರದು. ಅದನ್ನು ಕೇಳಿಸಿಕೊಂಡ ಅಪ್ಪ, ನಿಧಾನವಾಗಿ ಹೇಳಿದರು: "ಒಂದು ಟೇಬಲ್ ಆಯ್ಲಿ, ಮತ್ತೆ ಇನ್ನೊಂದು."

2024ರ ಅಕ್ಟೋಬರಿನಲ್ಲಿ ಮತ್ತೆ ಸ್ಕ್ಯಾನ್ ಆಯಿತು. ಹೊಸ ಗುಂಡಿ ಇಲ್ಲ, ಬಿಳಿ ಭಾಗ ಹೆಚ್ಚುಕಡಿಮೆ ಮೊದಲಿನಂತೆಯೇ ಇದೆ. ಮನೆಯ ಬಿಪಿ ಸರಾಸರಿ 127/70. ನಾಲ್ಕು ಮೀಟರ್ ನಡಿಗೆ 5.9 ಸೆಕೆಂಡಿಗೆ ಬಂದಿದೆ. ಮೂತ್ರದ ಅವಸರ ಇನ್ನೂ ಇದೆ, ಎರಡು ಗಂಟೆಗೊಮ್ಮೆ ಹೋಗುವ ಅಭ್ಯಾಸದಿಂದ ಮರ್ಯಾದೆ ಉಳಿದಿದೆ. ಅಂಕಿ, ಅಕ್ಷರ ಜೋಡಿಸುವ ಪರೀಕ್ಷೆ ಇವತ್ತಿಗೂ ಆಗುವುದಿಲ್ಲ. ಬಿಲ್ಲಿನ ಲೆಕ್ಕಕ್ಕೆ 44 ಸೆಕೆಂಡ್. ಇದಕ್ಕಿಂತ ಚುರುಕು ಆಗುತ್ತಾರೆ ಎಂದು ನಾನು ಮನೆಯವರಿಗೆ ಹೇಳಿಲ್ಲ. ಆ ತಿಂಗಳು ಮಾಟುಂಗಾದ ಆಟಕ್ಕೆ ಹೋಗಿದ್ದರು, ಮಧ್ಯಾಹ್ನದ ಖಾಲಿ ಲೋಕಲಿನಲ್ಲಿ, ಗಾಡಿ ಹೊರಡುವ ಮೊದಲ ಸ್ಟೇಷನ್ನಿನಿಂದಲೇ ಹತ್ತಿ.

ಸ್ಕ್ಯಾನ್ ತೋರಿಸಲು ಬಂದ ದಿನ ಅಪ್ಪನ ತೋಳಿನಿಂದ ಬಿಪಿ ಪಟ್ಟಿ ಬಿಚ್ಚಿ ಮಗನ ತೋಳಿಗೆ ಸುತ್ತಿದೆ. ಅವನಿಗೆ 43. ಬೆಳಗ್ಗೆ 7.10ರ ಫಾಸ್ಟ್ ಲೋಕಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಮನೆ ಸೇರುವವನು. 152/96. "ಟೆನ್ಷನ್ ಇರಬೇಕು ಡಾಕ್ಟ್ರೇ" ಎಂದ. ಎರಡು ವಾರ ಮನೆಯಲ್ಲಿ ಬೆಳಗ್ಗೆ, ಸಂಜೆ ಅಳೆದು ಬರೆದು ತರಲು ಹೇಳಿದೆ. ತಂದ. ಅಪ್ಪನ ಪುಸ್ತಕದಲ್ಲೇ ಪಕ್ಕದ ಕಾಲಂ ಎಳೆದು ಬರೆದಿದ್ದ, ಸರಾಸರಿ 146/94. ಅವತ್ತೇ ಮಾತ್ರೆ ಶುರುವಾಯಿತು.